ಸಿಗ್ನಲ್‌ನಲ್ಲಿ ಮಾತ್ರ ಫೋನ್ ನೋಡುತ್ತೇನೆ ಎನ್ನುವ ಮಗನ ಜೊತೆ ಮಾತನಾಡುವುದು ಹೇಗೆ?

ಪ್ರಶ್ನೆ: ನನ್ನ ಮಗನಿಗೆ 18 ತುಂಬಿದೆ, ಇತ್ತೀಚೆಗಷ್ಟೇ ಲೈಸೆನ್ಸ್ ಬಂದಿದೆ. ಕಾಲೇಜಿಗೆ ಸ್ಕೂಟರ್‌ನಲ್ಲಿ ಹೋಗುತ್ತಾನೆ. ರಜಾದಿನಗಳಲ್ಲಿ ಸ್ನೇಹಿತರನ್ನು ಕೂರಿಸಿಕೊಂಡು ಕಾರು ಓಡಿಸುತ್ತಾನೆ. ಓಡಿಸುವಾಗ ಫೋನ್ ನೋಡುತ್ತಾನೆ. ಕೇಳಿದರೆ, ‘ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ನೋಡುತ್ತೇನೆ, ಮಾತನಾಡುವುದು ಬ್ಲೂಟೂತ್‌ನಲ್ಲಿ, ನನಗೇನೂ ಆಗುವುದಿಲ್ಲ’ ಎನ್ನುತ್ತಾನೆ. ಅಪಘಾತದ ವಿಡಿಯೋಗಳನ್ನು ತೋರಿಸಿದೆ, ಗದರಿದೆ. ಅವನ ತಂದೆ ಒಂದು ವಾರ ಕೀಲಿ ಕಿತ್ತಿಟ್ಟುಕೊಂಡರು. ಏನೂ ಪ್ರಯೋಜನವಾಗಲಿಲ್ಲ. 16 ವರ್ಷದ ಮಗಳೂ ಅವನ ಹಿಂದೆ ಕೂತು ಹೋಗುವುದರಿಂದ ನನ್ನ ಆತಂಕ ಇಮ್ಮಡಿಯಾಗಿದೆ. ಅವನ ಮನಸ್ಸಿಗೆ ನಾಟುವಂತೆ ಹೇಳುವುದು ಹೇಗೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ನಾನು ಸ್ವಲ್ಪ ಬದಲಿಸಿಕೊಂಡು ಉತ್ತರಿಸುತ್ತೇನೆ. ಮನಸ್ಸಿಗೆ ನಾಟುವಂತೆ ಹೇಳುವುದು ಹೇಗೆ ಎಂದು ಕೇಳಿದ್ದೀರಿ. ಆದರೆ ನೀವು ಹೇಳಬೇಕೆಂದಿರುವುದು ಅವನಿಗೆ ಈಗಾಗಲೇ ಗೊತ್ತಿದೆ. ವಾಹನ ಓಡಿಸುತ್ತ ಮೆಸೇಜ್ ಓದುವುದು ಅಪಾಯವೇ ಎಂದು ಹದಿಹರೆಯದ ಯಾರನ್ನು ಕೇಳಿದರೂ ಹೌದೆಂದೇ ಹೇಳುತ್ತಾರೆ, ಹಾಗೆ ಹೇಳಿದವರಲ್ಲೇ ಅನೇಕರು ಅದೇ ಸಂಜೆ ಓಡಿಸುತ್ತ ಮೆಸೇಜ್ ಓದುತ್ತಾರೆ. ಜೇಬಿನಲ್ಲಿ ಫೋನ್ ಅದುರಿದಾಗ, ಯಾರು ಕಳಿಸಿರಬಹುದು ಎಂಬ ಕುತೂಹಲ ಮತ್ತು ಎದುರಿನ ರಸ್ತೆ ಇವೆರಡರಲ್ಲಿ ಒಂದನ್ನು ಆ ಕ್ಷಣದಲ್ಲೇ ಆರಿಸಬೇಕಾಗಿ ಬಂದಾಗ ಅವರ ತಿಳಿವಳಿಕೆ ಸೋಲುತ್ತದೆ. ಆದ್ದರಿಂದ ಆ ಆಯ್ಕೆ ಚಾಲನೆಯ ನಡುವೆ ಎದುರಾಗದಂತೆ, ಗಾಡಿ ಹೊರಡುವ ಮೊದಲೇ ಅದು ತೀರ್ಮಾನವಾಗಿರುವಂತೆ ನೋಡಿಕೊಳ್ಳುವುದು ಹೇಗೆ ಎಂದು ಯೋಚಿಸೋಣ.

ವಿಡಿಯೋಗಳು ಫಲ ಕೊಡದಿದ್ದುದರಲ್ಲಿ ಆಶ್ಚರ್ಯವಿಲ್ಲ. ಭಯ ಹುಟ್ಟಿಸಿ, ಆ ಭಯದಿಂದ ಪಾರಾಗಲು ಕೈಲಾಗುವ ಒಂದು ದಾರಿಯನ್ನು ತೋರಿಸದೆ ಬಿಟ್ಟರೆ ಮನಸ್ಸು ಅಪಾಯದ ಗೋಜಿಗೆ ಹೋಗದೆ ಭಯವನ್ನಷ್ಟೇ ಕಳೆದುಕೊಳ್ಳಲು ನೋಡುತ್ತದೆ: ಆ ವಿಡಿಯೋದಲ್ಲಿದ್ದವನು ವಿಪರೀತ ವೇಗದಲ್ಲಿದ್ದ, ಅವನಿಗೆ ಸರಿಯಾಗಿ ಓಡಿಸಲು ಬರುತ್ತಿರಲಿಲ್ಲ, ನಾನು ಹಾಗಲ್ಲ. ಇದಕ್ಕಿಂತ ಬಲವಾದ ಇನ್ನೊಂದು ಕಾರಣವೂ ಇದೆ. ಅಪಘಾತ ಅಪರೂಪ, ಮೆಸೇಜ್ ದಿನನಿತ್ಯದ್ದು. ಫೋನ್ ನೋಡಿಯೂ ಕ್ಷೇಮವಾಗಿ ಮನೆ ಸೇರಿದ ಪ್ರತಿ ದಿನವೂ ಅವನ ಅನುಭವ ನಿಮ್ಮ ಮಾತಿಗೆ ವಿರುದ್ಧವಾದ ಪಾಠವನ್ನೇ ಅವನಿಗೆ ಕಲಿಸುತ್ತಿರುತ್ತದೆ. ಅವನು ನಿಮ್ಮ ಮಾತನ್ನು ಉಡಾಫೆಯಿಂದ ತಳ್ಳಿಹಾಕುತ್ತಿದ್ದಾನೆ ಎಂದು ನಿಮಗೆ ಅನ್ನಿಸುತ್ತಿರಬಹುದು. ಅವನ ಲೆಕ್ಕದಲ್ಲಿ ಅವನು ಕಣ್ಣಾರೆ ಕಂಡದ್ದನ್ನು ನಂಬುತ್ತಿದ್ದಾನೆ, ಅಷ್ಟೆ.

ಅವನ ಮೂರು ವಾದಗಳನ್ನೂ ನೀವು ಗೌರವದಿಂದಲೇ ಎತ್ತಿಕೊಳ್ಳಬೇಕು, ಏಕೆಂದರೆ ಅವುಗಳಲ್ಲಿ ಅರ್ಧ ಸತ್ಯವಿದೆ. ಮೊದಲನೆಯದು ಸಿಗ್ನಲ್. ನಿಂತ ಗಾಡಿಯಲ್ಲಿ ಫೋನ್ ನೋಡುವುದು ಓಡುವ ಗಾಡಿಯಲ್ಲಿ ನೋಡುವುದಕ್ಕಿಂತ ವಾಸಿ ಎಂಬುದು ನಿಜ. ಆದರೆ ಹಸಿರು ದೀಪ ಬಿದ್ದ ತಕ್ಷಣ ಕಣ್ಣು ರಸ್ತೆಗೆ ಮರಳಿದರೂ ಗಮನ ಅದರ ಜೊತೆಗೇ ಮರಳುವುದಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಅವರ ಸಹೋದ್ಯೋಗಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋನಿಗೋ ಕಾರಿನ ಪರದೆಗೋ ಬಾಯಿಮಾತಿನಲ್ಲಿ ಒಂದು ಆದೇಶ ಕೊಟ್ಟು ಮುಗಿಸಿದ ಮೇಲೂ ಮನಸ್ಸಿನ ಮೇಲಿನ ಅದರ ಪರಿಣಾಮ ಕೆಲವು ಸಂದರ್ಭಗಳಲ್ಲಿ 27 ಸೆಕೆಂಡುಗಳವರೆಗೂ ಉಳಿದಿತ್ತು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಿಗೆ ಗಾಡಿ ಸುಮಾರು 300 ಮೀಟರ್ ಸಾಗಿರುತ್ತದೆ. ಪಾದಚಾರಿಗಳು ಹಳದಿ ದೀಪದಲ್ಲಿ ಅರ್ಧ ದಾಟಿ ಸಿಕ್ಕಿಕೊಳ್ಳುವುದು, ಅಡ್ಡರಸ್ತೆಯಿಂದ ಯಾರೋ ಕೆಂಪು ದೀಪ ಲೆಕ್ಕಿಸದೆ ನುಗ್ಗುವುದು, ಸೈಕಲ್ಲೊಂದು ಎಡದಿಂದ ಬಲಕ್ಕೆ ತಿರುಗುವುದು, ಇವೆಲ್ಲ ನಡೆಯುವುದು ಆ 300 ಮೀಟರ್‌ನೊಳಗೇ. ಮನಸ್ಸನ್ನು ಕದಡುವ ಮೆಸೇಜ್ ಆಗಿದ್ದರಂತೂ, ಸ್ನೇಹಿತನ ಜೊತೆಗಿನ ಜಗಳವೋ ಪರೀಕ್ಷೆಯ ಫಲಿತಾಂಶವೋ ಆಗಿದ್ದರೆ, ಉತ್ತರಿಸದೆ ಫೋನ್ ಜೇಬಿಗಿಟ್ಟರೂ ಮುಂದಿನ ಸಿಗ್ನಲ್‌ವರೆಗೆ ಅವನು ಅದಕ್ಕೆ ಉತ್ತರ ಬರೆಯುತ್ತಲೇ ಇರುತ್ತಾನೆ.

ಎರಡನೆಯದು ಬ್ಲೂಟೂತ್. ಕೈ ಸ್ಟೀರಿಂಗ್ ಮೇಲಿದೆ, ಕಣ್ಣು ರಸ್ತೆಯ ಮೇಲಿದೆ, ಇನ್ನೇನು ತೊಂದರೆ ಎಂಬುದು ದೊಡ್ಡವರೂ ನಂಬಿರುವ ಮಾತು. ಚಾಲಕನ ಗಮನ ಮೂರು ರೀತಿಯಲ್ಲಿ ತಪ್ಪುತ್ತದೆ: ಕಣ್ಣು ರಸ್ತೆ ಬಿಡುತ್ತದೆ, ಕೈ ಹಿಡಿತ ಬಿಡುತ್ತದೆ, ಮನಸ್ಸು ಚಾಲನೆಯನ್ನು ಬಿಡುತ್ತದೆ. ಬ್ಲೂಟೂತ್ ಮೊದಲಿನ ಎರಡನ್ನು ತಡೆಯುತ್ತದೆ, ಮೂರನೆಯದನ್ನು ತಡೆಯುವುದಿಲ್ಲ. ಸ್ಟ್ರೇಯರ್ ಅವರು 2001ರಲ್ಲಿ ವಿಲಿಯಂ ಜಾನ್‌ಸ್ಟನ್ ಜೊತೆ ನಡೆಸಿದ ಪ್ರಯೋಗದಲ್ಲಿ, ಫೋನಿನಲ್ಲಿ ಸಂಭಾಷಣೆ ನಡೆಸುತ್ತಿದ್ದವರು ನಿಲ್ಲುವ ಸಂಕೇತಗಳನ್ನು ಹೆಚ್ಚು ಬಾರಿ ತಪ್ಪಿಸಿಕೊಂಡರು ಮತ್ತು ಕಂಡ ಸಂಕೇತಗಳಿಗೂ ತಡವಾಗಿ ಪ್ರತಿಕ್ರಿಯಿಸಿದರು. ಫೋನ್ ಕೈಯಲ್ಲಿದ್ದವರಿಗೂ ಇಲ್ಲದವರಿಗೂ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಪಕ್ಕದಲ್ಲಿ ಕೂತವರ ಜೊತೆ ಮಾತನಾಡುವುದಿಲ್ಲವೇ ಎಂದು ಅವನು ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಪಕ್ಕದಲ್ಲಿ ಕೂತ ಪ್ರೌಢ ವ್ಯಕ್ತಿಗೆ ರಸ್ತೆ ಕಾಣುತ್ತಿರುತ್ತದೆ. ಎದುರಿಗೆ ಲಾರಿ ಬಂದಾಗ ಅವರು ಮಾತು ನಿಲ್ಲಿಸುತ್ತಾರೆ, ಕೆಲವೊಮ್ಮೆ ‘ನೋಡಿಕೋ’ ಎಂದು ಎಚ್ಚರಿಸುತ್ತಾರೆ. ಫೋನಿನ ಆ ತುದಿಯಲ್ಲಿರುವವರಿಗೆ ಇದೊಂದೂ ಕಾಣುವುದಿಲ್ಲವಾದ್ದರಿಂದ ಅವರ ಮಾತು ಅದೇ ಭರದಲ್ಲಿ ಸಾಗುತ್ತದೆ, ಉತ್ತರಕ್ಕೆ ಕಾಯುತ್ತದೆ. ಹಾಗಿದ್ದರೂ ಒಂದು ಮಾತು: ಬರಿಯ ಸಂಭಾಷಣೆಯ ಅಪಾಯ ಪರದೆ ನೋಡುವುದರ ಅಪಾಯದಷ್ಟು ದೊಡ್ಡದಲ್ಲ. ಒಂದೇ ಒಂದು ವಿಷಯಕ್ಕೆ ಪಟ್ಟು ಹಿಡಿಯುವ ಶಕ್ತಿ ನಿಮ್ಮಲ್ಲಿ ಉಳಿದಿದ್ದರೆ ಅದನ್ನು ಪರದೆಯ ವಿಷಯಕ್ಕೆ ಮೀಸಲಿಡಿ.

‘ನನಗೇನೂ ಆಗುವುದಿಲ್ಲ’ ಎಂಬ ಮೂರನೆಯ ವಾದಕ್ಕೆ ಉಪದೇಶಕ್ಕಿಂತ ಲೆಕ್ಕ ಒಳ್ಳೆಯ ಉತ್ತರ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಹೋಗುತ್ತದೆ. ಎರಡು ಸಾಲಿನ ಮೆಸೇಜ್ ಓದಲು ಐದು ಸೆಕೆಂಡು ಹಿಡಿದರೆ 80 ಮೀಟರ್‌ಗೂ ಹೆಚ್ಚು ದೂರವನ್ನು ಅವನು ಕಣ್ಣು ಮುಚ್ಚಿಕೊಂಡೇ ಓಡಿಸಿದಂತಾಯಿತು. ಇದನ್ನು ಬಾಯಲ್ಲಿ ಹೇಳಬೇಡಿ. ಖಾಲಿ ಮೈದಾನದಲ್ಲೋ ಮನೆಯ ಮುಂದಿನ ರಸ್ತೆಯಲ್ಲೋ 80 ಮೀಟರ್ ಅಳೆದು ನಡೆಯಲು ಅವನಿಗೇ ಹೇಳಿ, ನಡುವೆ ಎಷ್ಟು ಗೇಟು, ಎಷ್ಟು ತಿರುವು, ನಿಂತ ಎಷ್ಟು ಗಾಡಿಗಳು ಸಿಕ್ಕವು ಎಂದು ಕೇಳಿ. ಇನ್ನು ಹೊಸ ಚಾಲಕರ ವಿಷಯ. ನಿಜವಾದ ರಸ್ತೆಯಲ್ಲಿ ಓಡುವ ಕಾರುಗಳೊಳಗೆ ಕ್ಯಾಮೆರಾ ಮತ್ತು ಸಂವೇದಕಗಳನ್ನು ಅಳವಡಿಸಿ ನಡೆಸಿದ, 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಸದಾಗಿ ಲೈಸೆನ್ಸ್ ಪಡೆದ ಹದಿಹರೆಯದವರು ಫೋನಿನಲ್ಲಿ ಸಂಖ್ಯೆ ಒತ್ತುವಾಗ ಅಪಘಾತ ಅಥವಾ ಕೂದಲೆಳೆಯಲ್ಲಿ ತಪ್ಪಿದ ಅಪಘಾತದ ಸಂಭವ ಸುಮಾರು ಎಂಟು ಪಟ್ಟು, ಫೋನಿಗಾಗಿ ಕೈ ಚಾಚುವಾಗ ಸುಮಾರು ಏಳು ಪಟ್ಟು, ಮೆಸೇಜ್ ಓದುವಾಗ ಅಥವಾ ಕಳಿಸುವಾಗ ಹೆಚ್ಚುಕಡಿಮೆ ನಾಲ್ಕು ಪಟ್ಟು ಏರಿತ್ತು. ಅನುಭವಿ ಚಾಲಕರಲ್ಲಿ ಈ ಏರಿಕೆ ಬಹಳ ಕಡಿಮೆ. ನಿಮ್ಮ ಪತಿ ಓಡಿಸುತ್ತ ಫೋನ್ ಎತ್ತಿದರೂ ಏನೂ ಆಗದಿರುವುದನ್ನು ಅವನು ವರ್ಷಗಟ್ಟಲೆ ನೋಡಿರಬಹುದು. ಗೇರು, ಬ್ರೇಕು, ಕನ್ನಡಿಗಳೆಲ್ಲ ಅವರಿಗೆ ಯೋಚನೆಯಿಲ್ಲದೆ ನಡೆಯುವ ಕೆಲಸಗಳು, ಅವನಿಗೆ ಇನ್ನೂ ಹಾಗಾಗಿಲ್ಲ ಎಂಬುದು ಹೊರಗಿನಿಂದ ಕಾಣುವ ಸಂಗತಿಯಲ್ಲ. ಅದೇ ಅಧ್ಯಯನದಲ್ಲಿ ತಿನ್ನುವುದು ಮತ್ತು ರಸ್ತೆ ಬದಿಯ ಯಾವುದನ್ನೋ ದಿಟ್ಟಿಸುವುದು ಕೂಡ ಹೊಸಬರಿಗೆ ಅಪಾಯಕಾರಿಯಾಗಿ ಕಂಡಿದ್ದವು, ಆದ್ದರಿಂದ ಎಲ್ಲವನ್ನೂ ಫೋನಿನ ತಲೆಗೇ ಕಟ್ಟುವುದೂ ಸರಿಯಲ್ಲ.

ಈಗ ಮಾತುಕತೆಗೆ ಬರೋಣ. ಗದರಿಕೆಗೆ ಹದಿಹರೆಯದವರು ಕೊಡುವ ಉತ್ತರ ಸಮರ್ಥನೆ, ಮತ್ತು ತನ್ನ ನಡತೆಯನ್ನು ಸಮರ್ಥಿಸಿಕೊಳ್ಳುತ್ತ ಹೋದಷ್ಟೂ ಮನುಷ್ಯ ಅದಕ್ಕೆ ಇನ್ನಷ್ಟು ಅಂಟಿಕೊಳ್ಳುತ್ತಾನೆ. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ಎಂಬ ಮನಶ್ಶಾಸ್ತ್ರಜ್ಞರು ಚಟ ಬಿಡಿಸುವ ಚಿಕಿತ್ಸೆಗಾಗಿ ಬೆಳೆಸಿದ ಸಂವಾದದ ಕ್ರಮವೊಂದಿದೆ. ಬದಲಾವಣೆಯ ಕಾರಣಗಳನ್ನು ಸಲಹೆಗಾರ ಹೇಳದೆ ಎದುರಿನವರ ಬಾಯಿಂದಲೇ ಹೊರಡಿಸುವುದು ಅದರ ತಿರುಳು. ಅದರ ಒಂದು ಪ್ರಶ್ನೆ ಮನೆಯಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಜಗಳದ ನಡುವೆಯಲ್ಲ, ಇಬ್ಬರೂ ಬಿಡುವಾಗಿರುವ ಹೊತ್ತಿನಲ್ಲಿ, ‘ಗಾಡಿ ಓಡಿಸುವಾಗ ಫೋನ್ ಮುಟ್ಟದೆ ಇರುವುದು ನಿನಗೆ ಎಷ್ಟು ಮುಖ್ಯ? ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀಯ?’ ಎಂದು ಕೇಳಿ. ಅವನು ನಾಲ್ಕು ಎನ್ನಬಹುದು. ‘ನಾಲ್ಕೇ ಯಾಕೆ, ಒಂಬತ್ತು ಯಾಕಲ್ಲ?’ ಎಂದು ಕೇಳಬೇಕೆನ್ನಿಸುತ್ತದೆ. ಕೇಳಿದರೆ ಮತ್ತೆ ಸಮರ್ಥನೆ ಶುರುವಾಗುತ್ತದೆ. ಅದರ ಬದಲು, ‘ಒಂದು ಅನ್ನಲಿಲ್ಲವಲ್ಲ, ನಾಲ್ಕು ಅಂದೆ. ಯಾಕೆ?’ ಎಂದು ಕೇಳಿ ಸುಮ್ಮನಿರಿ. ‘ಮೊನ್ನೆ ಒಂದು ಸಲ ಮುಂದಿನ ಬೈಕ್‌ಗೆ ತಾಗಿಬಿಡೋದರಲ್ಲಿತ್ತು ಅಮ್ಮ’ ಎಂಬಂಥ ಮಾತು ಆಗ ಬರಬಹುದು. ಬಂದಾಗ ನೀವು ಮಾಡಬೇಕಾದ ಅತಿ ಕಷ್ಟದ ಕೆಲಸವೆಂದರೆ, ‘ನಾನು ಹೇಳಿರಲಿಲ್ಲವಾ?’ ಎನ್ನದಿರುವುದು. ಆ ಒಂದು ವಾಕ್ಯ ಹೇಳಿದಿರೋ, ಇನ್ನು ಮುಂದೆ ಇಂಥ ಸಂಗತಿಗಳು ನಿಮ್ಮ ಕಿವಿಗೆ ಬೀಳುವುದಿಲ್ಲ.

ಮಾತಿನ ಬೆನ್ನಿಗೆ ವ್ಯವಸ್ಥೆಯೂ ಆಗಬೇಕು. ‘ಇನ್ನು ಮೇಲೆ ಹುಷಾರಾಗಿರುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಇಂಥ ಸಂದರ್ಭ ಬಂದರೆ ಇದನ್ನು ಮಾಡುತ್ತೇನೆ’ ಎಂದು ಮೊದಲೇ ನಿಗದಿಮಾಡಿಕೊಂಡ ಸಂಕಲ್ಪ ಹೆಚ್ಚು ಉಳಿಯುತ್ತದೆ ಎಂಬುದನ್ನು ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಮತ್ತು ಅವರ ನಂತರದವರು ಅನೇಕ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ನಿಮ್ಮ ಮಗನ ಮಟ್ಟಿಗೆ ಅದು ಹೀಗಿರಬಹುದು: ಕೀಲಿ ಕೈಗೆ ತೆಗೆದುಕೊಂಡ ತಕ್ಷಣ ಫೋನನ್ನು ಚಾಲನೆಯ ಮೋಡ್‌ಗೆ ಹಾಕುತ್ತೇನೆ. ಈಗಿನ ಬಹುತೇಕ ಸ್ಮಾರ್ಟ್‌ಫೋನ್‌ಗಳಲ್ಲಿ ಚಾಲನೆಯ ಹೊತ್ತಿನಲ್ಲಿ ಸೂಚನೆಗಳನ್ನು ತಡೆಹಿಡಿಯುವ ಏರ್ಪಾಡಿದೆ, ಕೆಲವು ಫೋನ್‌ಗಳು ‘ಗಾಡಿ ಓಡಿಸುತ್ತಿದ್ದೇನೆ, ತಲುಪಿದ ಮೇಲೆ ಉತ್ತರಿಸುತ್ತೇನೆ’ ಎಂಬ ಉತ್ತರವನ್ನು ತಾವಾಗಿಯೇ ಕಳಿಸುತ್ತವೆ. ಈ ತಾನಾಗಿ ಹೋಗುವ ಉತ್ತರವನ್ನು ಸಣ್ಣದೆಂದು ಭಾವಿಸಬೇಡಿ. ಹದಿಹರೆಯದವರನ್ನು ಕಾಡುವುದು ಮೆಸೇಜ್ ಏನಿರಬಹುದು ಎಂಬ ಕುತೂಹಲವೊಂದೇ ಅಲ್ಲ; ಓದಿಯೂ ಸುಮ್ಮನಿದ್ದಾನೆ, ಸೊಕ್ಕು ಎಂದು ಗೆಳೆಯರು ತಿಳಿದುಕೊಂಡಾರು ಎಂಬ ಹೆದರಿಕೆ. ಆ ಹೆದರಿಕೆಯನ್ನು ಫೋನೇ ಕಳೆಯುತ್ತದೆ.

ಮೋಡ್ ಹಾಕಿದ ಮೇಲೆ ಫೋನ್ ಎಲ್ಲಿರಬೇಕು ಎಂಬುದೂ ತೀರ್ಮಾನವಾಗಲಿ. ಕಾರಿನಲ್ಲಾದರೆ ಹಿಂದಿನ ಸೀಟಿನ ಮೇಲಿರುವ ಬ್ಯಾಗಿನೊಳಗೆ, ಸ್ಕೂಟರ್‌ನಲ್ಲಾದರೆ ಸೀಟಿನ ಕೆಳಗಿನ ಡಿಕ್ಕಿಯಲ್ಲಿ. ಪ್ಯಾಂಟಿನ ಜೇಬು ಸಾಲದು, ಅಲ್ಲಿ ಅದರ ಅದುರುವಿಕೆ ತೊಡೆಗೆ ತಾಗುತ್ತದೆ. ಸ್ಕೂಟರ್ ಸವಾರರಲ್ಲಿ ಹೆಲ್ಮೆಟ್ ಮತ್ತು ಕೆನ್ನೆಯ ನಡುವೆ ಫೋನ್ ತುರುಕಿಕೊಂಡು ಮಾತನಾಡುವ ಅಭ್ಯಾಸವೊಂದಿದೆ. ಹಾಗೆ ಮಾಡಿದಾಗ ಹೆಲ್ಮೆಟ್ ತಲೆಯ ಮೇಲೆ ಓರೆಯಾಗಿ ಕೂರುತ್ತದೆ, ಕುತ್ತಿಗೆ ಒಂದು ಕಡೆಗೆ ವಾಲಿ ಆ ಬದಿಯ ಕನ್ನಡಿ ನೋಡುವುದು ನಿಂತುಹೋಗುತ್ತದೆ, ಫೋನ್ ಜಾರಿದಾಗ ಕೈ ತಾನಾಗಿ ಹ್ಯಾಂಡಲ್ ಬಿಟ್ಟು ಅದನ್ನು ಹಿಡಿಯಲು ಹೋಗುತ್ತದೆ. ಎರಡು ಚಕ್ರದ ಗಾಡಿಯಲ್ಲಿ ಒಂದು ಕೈ ಬಿಡುವುದೆಂದರೆ ಸಮತೋಲನವನ್ನೂ ಒಂದು ಬ್ರೇಕನ್ನೂ ಒಟ್ಟಿಗೇ ಬಿಡುವುದು. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಹಿಂದಿನ ಹಾರ್ನ್ ಕೇಳುವುದಿಲ್ಲ ಎಂಬುದನ್ನು ವಿವರಿಸಬೇಕಾಗಿಲ್ಲ. ದಾರಿ ತೋರಿಸಲು ಮ್ಯಾಪ್ ಬೇಕೇಬೇಕು ಎನ್ನುವ ದಿನ, ಹೊರಡುವ ಮೊದಲು ಗುರಿ ಹಾಕಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಸೂಚನೆಗಳನ್ನು ಧ್ವನಿಯಲ್ಲಿ ಕೇಳಲಿ. ದಾರಿ ತಪ್ಪಿದರೆ ಬದಿಗೆ ನಿಲ್ಲಿಸಿ ಸರಿಪಡಿಸಿಕೊಳ್ಳಲಿ. ಹಾಡಿನ ಪಟ್ಟಿಯೂ ಗಾಡಿ ಹೊರಡುವ ಮುಂಚೆಯೇ ಸಿದ್ಧವಾಗಿರಲಿ.

ಇನ್ನು ನಿಮಗೆ ಕಹಿಯಾಗಬಹುದಾದ ಮಾತು. ದಾರಿಯಲ್ಲಿರುವ ಮಕ್ಕಳಿಗೆ ಬರುವ ಕರೆಗಳಲ್ಲಿ ಎಷ್ಟೋ ಅವರ ತಂದೆತಾಯಿಗಳವೇ ಆಗಿರುತ್ತವೆ. ಮಗ ಹೊರಟು ಇಪ್ಪತ್ತು ನಿಮಿಷವಾಯಿತು, ಎಲ್ಲಿದ್ದಾನೋ ಎಂದು ಫೋನ್ ಮಾಡುತ್ತೇವೆ. ಎತ್ತದಿದ್ದರೆ ಮತ್ತೆ ಮಾಡುತ್ತೇವೆ. ಸಂಜೆ ಮನೆಗೆ ಬಂದಾಗ ‘ಫೋನ್ ಯಾಕೆ ಎತ್ತಲಿಲ್ಲ?’ ಎಂದು ಸಿಡುಕುತ್ತೇವೆ. ಓಡಿಸುವಾಗ ಎತ್ತಿದರೂ ತಪ್ಪು, ಎತ್ತದಿದ್ದರೂ ತಪ್ಪು ಎಂಬ ಸ್ಥಿತಿಯಲ್ಲಿ ಅವನು ಯಾವ ತಪ್ಪಿಗೆ ಕೂಡಲೇ ಬೈಗುಳ ಸಿಗುತ್ತದೋ ಅದನ್ನು ತಪ್ಪಿಸುತ್ತಾನೆ, ಅಂದರೆ ಫೋನ್ ಎತ್ತುತ್ತಾನೆ. ಆದ್ದರಿಂದ ಮನೆಯವರೆಲ್ಲರಿಗೂ ಒಂದೇ ನಿಯಮವಿರಲಿ: ಹೊರಡುವಾಗ ಒಂದು ಮೆಸೇಜ್, ತಲುಪಿದಾಗ ಒಂದು ಮೆಸೇಜ್, ನಡುವೆ ಯಾರೂ ಕರೆ ಮಾಡುವುದಿಲ್ಲ. ಮಾಡಲೇಬೇಕಾಗಿ ಬಂದು ಅವನು ಎತ್ತಿದರೆ, ವಿಷಯ ಹೇಳುವ ಮೊದಲು ‘ಓಡಿಸುತ್ತಿದ್ದೀಯಾ?’ ಎಂದು ಕೇಳಿ, ಹೌದೆಂದರೆ ಇಟ್ಟುಬಿಡಿ. ನಿಮ್ಮ ಪತಿಯೂ ಕಾರು ಓಡಿಸುವಾಗ ಇದೇ ನಿಯಮ ಪಾಲಿಸಬೇಕು, ಅದೂ ಮಕ್ಕಳು ನೋಡುವಂತೆ. ಕೀಲಿ ಕಿತ್ತುಕೊಂಡ ಕೈಯೇ ಸ್ಟೀರಿಂಗ್ ಮೇಲೆ ಫೋನ್ ಹಿಡಿದಿರುವುದನ್ನು ಮಗ ಕಂಡಿದ್ದರೆ ಆ ಶಿಕ್ಷೆಯನ್ನು ಅವನು ಯಾವ ಲೆಕ್ಕಕ್ಕೆ ಬರೆದುಕೊಂಡಿರುತ್ತಾನೆ ಎಂದು ಯೋಚಿಸಿ.

ಸ್ನೇಹಿತರನ್ನು ಕೂರಿಸಿಕೊಂಡು ಹೋಗುವುದನ್ನು ನೀವು ನಡುವೆ ಒಂದು ಮಾತಾಗಿ ಹೇಳಿದ್ದೀರಿ. ನನಗೆ ಅದು ಫೋನಿನಷ್ಟೇ ಮುಖ್ಯವಾಗಿ ಕಾಣುತ್ತದೆ. ಮಾರ್ಗೋ ಗಾರ್ಡನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಪ್ಯೂಟರ್‌ನ ಕಾರಿನ ಆಟವೊಂದನ್ನು ಕೆಲವರು ಒಬ್ಬರೇ, ಕೆಲವರು ಗೆಳೆಯರೆದುರು ಆಡಿದರು. ಗೆಳೆಯರಿದ್ದಾಗ ಹದಿಹರೆಯದವರು ಹೆಚ್ಚು ಅಪಾಯ ಎಳೆದುಕೊಂಡರು, 24 ದಾಟಿದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ರಸ್ತೆಯ ಅಂಕಿಗಳು ಇದಕ್ಕೆ ಹೊಂದುತ್ತವೆ. ಅಮೆರಿಕದಲ್ಲಿ 16 ಮತ್ತು 17ರ ವಯಸ್ಸಿನ ಚಾಲಕರ ಬಗ್ಗೆ 2012ರಲ್ಲಿ ಹೊರಬಂದ ವಿಶ್ಲೇಷಣೆಯ ಪ್ರಕಾರ, ಕಾರಿನಲ್ಲಿ 21ಕ್ಕಿಂತ ಚಿಕ್ಕ ಒಬ್ಬ ಪ್ರಯಾಣಿಕನಿದ್ದರೆ ಚಾಲಕನ ಸಾವಿನ ಅಪಾಯ ಶೇ 44ರಷ್ಟು ಏರುತ್ತದೆ, ಇಬ್ಬರಿದ್ದರೆ ಎರಡು ಪಟ್ಟಾಗುತ್ತದೆ, ಮೂವರು ಅಥವಾ ಹೆಚ್ಚಿದ್ದರೆ ನಾಲ್ಕು ಪಟ್ಟಾಗುತ್ತದೆ. 35 ದಾಟಿದವರೊಬ್ಬರು ಜೊತೆಗಿದ್ದರೆ ಅದೇ ಅಪಾಯ ಶೇ 62ರಷ್ಟು ಇಳಿಯುತ್ತದೆ. ಹೊಸಬರಿಗೆ ಪ್ರಯಾಣಿಕರ ಸಂಖ್ಯೆಗೂ ರಾತ್ರಿ ಚಾಲನೆಗೂ ಮಿತಿ ಹಾಕಿ ಹಂತಹಂತವಾಗಿ ಪೂರ್ಣ ಲೈಸೆನ್ಸ್ ಕೊಡುವ ಪದ್ಧತಿಯನ್ನು ನ್ಯೂಜಿಲೆಂಡ್ 1987ರಲ್ಲೇ ತಂದದ್ದು ಹೊಸಬರಿಗಿರುವ ಇಂಥ ಅಪಾಯಗಳನ್ನು ತಗ್ಗಿಸಲೆಂದೇ, ಆಮೇಲೆ ಹಲವು ದೇಶಗಳು ಅದನ್ನು ಅನುಸರಿಸಿದವು. ನಿಮ್ಮಲ್ಲಿ ಕಾನೂನು ಏನೇ ಇರಲಿ, ಮನೆಯಲ್ಲಿ ಅಂಥ ಹಂತಗಳನ್ನು ಮಾಡಿಕೊಳ್ಳಲು ಅಡ್ಡಿಯಿಲ್ಲ: ಮೊದಲ ಕೆಲವು ತಿಂಗಳು ಸ್ನೇಹಿತರಿಲ್ಲ, ಆಮೇಲೆ ಒಬ್ಬ, ಆಮೇಲೆ ಇಬ್ಬರು. ಗುಂಪಿನಲ್ಲಿ ಹೋಗಲೇಬೇಕಾದ ದಿನ ಪಕ್ಕದ ಸೀಟಿನಲ್ಲಿ ಕೂತವನ ಕೈಗೆ ಅವನ ಫೋನ್ ಹೋಗಲಿ. ದಾರಿ ನೋಡುವುದು, ಹಾಡು ಬದಲಿಸುವುದು, ಬಂದ ಕರೆಗೆ ಉತ್ತರಿಸುವುದು ಆ ಗೆಳೆಯನ ಕೆಲಸ. ಹೀಗೆ ಕೆಲಸ ಕೊಟ್ಟಾಗ ಗೆಳೆಯರು ಅದನ್ನು ಚೆನ್ನಾಗಿಯೇ ಮಾಡುತ್ತಾರೆ.

ಮಗಳ ವಿಷಯದಲ್ಲಿ ನಿಮಗೆ ಆತಂಕ ಕಾಣುತ್ತಿದೆ, ನನಗೆ ಒಂದು ಅವಕಾಶವೂ ಕಾಣುತ್ತದೆ. ಹಿಂದೆ ಕೂತವರು ಮಾತನಾಡಬಹುದು ಎಂದು ಎಷ್ಟೋ ಮಕ್ಕಳಿಗೆ ಅನ್ನಿಸುವುದೇ ಇಲ್ಲ. ಅಣ್ಣ ರೇಗಿಯಾನು, ಹೆದರುಪುಕ್ಕಲಿ ಎಂದಾನು ಎಂದು ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಅವಳಿಗೆ ಹೇಳಲು ಸುಲಭವಾದ ಒಂದು ವಾಕ್ಯ ಬೇಕು. ‘ಅಣ್ಣಾ, ಫೋನ್ ಕೊಡು, ನಾನು ಟೈಪ್ ಮಾಡ್ತೀನಿ’ ಎಂಬುದರಲ್ಲಿ ಆಕ್ಷೇಪಣೆಯಿಲ್ಲ, ಸಹಾಯವಿದೆ, ಅವನ ಮುಖಭಂಗವೂ ಆಗುವುದಿಲ್ಲ. ಅದಕ್ಕೂ ಕೇಳದಿದ್ದರೆ ‘ನಿಲ್ಲಿಸು, ಇಳೀತೀನಿ’ ಎನ್ನುವ ಹಕ್ಕು ಅವಳಿಗಿದೆ ಎಂದು ಅವನೆದುರಿಗೇ ಹೇಳಿ. ಇಳಿದು ಫೋನ್ ಮಾಡಿದರೆ ನಿಮ್ಮಿಬ್ಬರಲ್ಲಿ ಒಬ್ಬರು ಹೋಗಿ ಅವಳನ್ನು ಕರೆತರುತ್ತೀರಿ, ದಾರಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ ಎಂಬ ಭರವಸೆಯೂ ಅದರ ಜೊತೆಗಿರಲಿ. ಆದರೆ ಅಣ್ಣನ ಮೇಲೆ ಕಣ್ಣಿಟ್ಟು ಬಂದು ಹೇಳುವ ಕೆಲಸವನ್ನು ಅವಳಿಗೆ ವಹಿಸಬೇಡಿ. ಅದರಿಂದ ಇಬ್ಬರ ಸಂಬಂಧ ಕೆಡುತ್ತದೆ, ಚಾಲನೆ ಸುಧಾರಿಸುವುದಿಲ್ಲ.

ಕೀಲಿ ಕಿತ್ತುಕೊಂಡದ್ದು ತಪ್ಪೆಂದು ನಾನು ಹೇಳುವುದಿಲ್ಲ, ಅದನ್ನು ಮಾಡಿದ ರೀತಿ ಸರಿಯಿರಲಿಲ್ಲ. ಸಿಟ್ಟು ಬಂದ ದಿನ ಘೋಷಿಸಿದ ಶಿಕ್ಷೆ ಸಿಟ್ಟು ಇಳಿದ ದಿನ ಮುಗಿಯುತ್ತದೆ ಎಂದು ಮಕ್ಕಳು ಬೇಗ ಕಲಿಯುತ್ತಾರೆ. ಅದರ ಬದಲು ನಾಲ್ವರೂ ಕೂತು ಒಂದು ಹಾಳೆಯಲ್ಲಿ ನಿಯಮಗಳನ್ನು ಬರೆಯಿರಿ, ಮುರಿದರೆ ಏನಾಗಬೇಕೆಂಬುದನ್ನು ಅವನಿಂದಲೇ ಬರೆಸಿ. ತಮ್ಮ ಶಿಕ್ಷೆಯನ್ನು ತಾವೇ ನಿಗದಿಮಾಡಲು ಬಿಟ್ಟಾಗ ಈ ವಯಸ್ಸಿನವರು ಸಾಮಾನ್ಯವಾಗಿ ನಾವು ಯೋಚಿಸಿದ್ದಕ್ಕಿಂತ ಕಠಿಣವಾದದ್ದನ್ನೇ ಬರೆಯುತ್ತಾರೆ. ಅದನ್ನು ಸ್ವಲ್ಪ ಇಳಿಸುವ ಸಂತೋಷ ನಿಮಗಿರಲಿ. ಅದೇ ಹಾಳೆಯಲ್ಲಿ ನಿಮ್ಮ ಮತ್ತು ನಿಮ್ಮ ಪತಿಯ ನಿಯಮಗಳೂ ಇರಬೇಕು. ತಾನಾಗಿ ಬಂದು ತಪ್ಪು ಒಪ್ಪಿಕೊಂಡರೆ ಶಿಕ್ಷೆ ಅರ್ಧ ಎಂಬ ಸಾಲೊಂದನ್ನು ಸೇರಿಸಿ.

ವೇಗವನ್ನೂ ಫೋನ್ ಬಳಕೆಯನ್ನೂ ದಾಖಲಿಸುವ ಆ್ಯಪ್‌ಗಳನ್ನು ಹಾಕಿಸಲೇ ಎಂದು ನನ್ನನ್ನು ಕೇಳುವವರು ಬಹಳ. ಅವನಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ವಾರಕ್ಕೊಮ್ಮೆ ಒಟ್ಟಿಗೆ ಕೂತು ನೋಡುವುದಾದರೆ ಹಾಕಿಸಬಹುದು. ಗುಟ್ಟಾಗಿ ಹಾಕಿಸುವುದು ಬೇಡ. ಲೈಸೆನ್ಸ್ ಸಿಕ್ಕ ಮೊದಲ ಕೆಲವು ತಿಂಗಳುಗಳೇ ಹೊಸ ಚಾಲಕನಿಗೆ ಅತಿ ಅಪಾಯದ ಕಾಲವಾದ್ದರಿಂದ, ಆ ಹಾಳೆಯನ್ನು ಈ ವಾರವೇ ಬರೆದು, ಆರು ತಿಂಗಳಾದ ಮೇಲೆ ಮತ್ತೆ ತೆಗೆದು ಓದಿ. ಸ್ನೇಹಿತರ ಸಂಖ್ಯೆ, ರಾತ್ರಿಯ ಹೊತ್ತು, ದೂರ ಇವುಗಳನ್ನು ಅವನ ನಡತೆ ನೋಡಿ ಸಡಿಲಿಸುತ್ತ ಬನ್ನಿ. ಫೋನಿನ ನಿಯಮವನ್ನು ಮಾತ್ರ ಹಾಗೆಯೇ ಬಿಡಿ, ನಿಮ್ಮ ನಾಲ್ವರಿಗೂ.